ಪಂಜರದೊಳಗೆ ಉಳಿದ ಕೀ

ರುದ್ರೇಶ ಮಾವನ ಜೇಬಿನಲ್ಲಿ ಸದಾ ಹತ್ತನೇ ನಂಬರಿನ ಸ್ಪ್ಯಾನರ್ ಇರುತ್ತಿತ್ತು. ಹನ್ನೆರಡರದ್ದೂ ಇರಬಹುದು, ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಅದರಿಂದ ಅವರು ಗೇಟು, ನೀರಿನ ಟ್ಯಾಂಕು, ಬೀಗರ ಮನೆಯ ಹಿತ್ತಾಳೆ ಕೊಳಗ ಎಲ್ಲವನ್ನೂ ತಟ್ಟಿ ಕಿವಿಗೊಡುತ್ತಿದ್ದುದಂತೂ ನಿಜ. “ಒಳ್ಳೆ ಬೆಸುಗೆ ಹಾಡತ್ತೆ ಪುಟ್ಟಿ, ಕೆಟ್ಟದ್ದು ಕೆಮ್ಮತ್ತೆ.”

ಅವರು ಅಮ್ಮನ ತಮ್ಮ. ಭದ್ರಾವತಿಯ ಹಳೇನಗರದಲ್ಲಿ ಅವರದೊಂದು ವೆಲ್ಡಿಂಗ್ ಶೆಡ್ಡು. ನನ್ನ ಅಪ್ಪ ಶಿವಮೊಗ್ಗದ ಬಸ್ ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್. ನಾನು ಶಂಕರಘಟ್ಟದಲ್ಲಿ ಎಂ.ಎ. ಓದುತ್ತಿದ್ದ ವರ್ಷ ಸ್ಟೋರಿನಿಂದ ಬೇರಿಂಗುಗಳು ಕಾಣೆಯಾಗತೊಡಗಿದವು. ಇನ್ನೊಂದು ಹೋದರೆ ನೀವೂ ಮನೆಗೆ ಹೋಗಿ ಎಂದು ಮಾಲೀಕರು ಅಪ್ಪನಿಗೆ ಹೇಳಿಬಿಟ್ಟರು. ಬೆಲೆಬಾಳುವ ಸಾಮಾನಿಗೆಂದು ಸ್ಟೋರಿನೊಳಗೇ ಒಂದು ತಂತಿ ಪಂಜರ ಕಟ್ಟಿಸುವುದೆಂದಾಯಿತು.

ಮಾವ ಎರಡು ಬಗೆಯ ಜಾಲರಿ ತಂದು ನಮ್ಮ ಹಿತ್ತಲಿನಲ್ಲಿ ನಿಲ್ಲಿಸಿದರು. ಒಂದು ಹೆಣೆದದ್ದು, ಇನ್ನೊಂದು ವೆಲ್ಡ್ ಮಾಡಿದ್ದು. ಹೆಣೆದದ್ದನ್ನು ಜಾಡಿಸಿ ಒದ್ದರು.

“ನೋಡಿ ಭಾವ, ಬಗ್ಗತ್ತೆ, ಬಿಡಲ್ಲ. ಆ ವೆಲ್ಡ್ ಮಾಡಿದ್ದಕ್ಕೆ ನಾಕು ಏಟು ಬಿದ್ರೆ ಬೆಸುಗೆ ಕಳಚತ್ತೆ.”

“ಕಳ್ಳ ಒದೆಯಕ್ಕೆ ಬರ್ತಾನೇನೋ ಮಾರಾಯ? ಕತ್ತರಿಸಕ್ಕೆ ಬರ್ತಾನೆ.”

ಮಾವ ಎರಡರಲ್ಲೂ ಒಂದೊಂದು ತಂತಿ ಕತ್ತರಿಸಿದರು. ವೆಲ್ಡ್ ಮಾಡಿದ್ದು ಕದಲಲಿಲ್ಲ. ಹೆಣೆದದ್ದರ ತಂತಿ ಹಳೇ ಸ್ವೆಟರಿನ ಎಳೆಯಂತೆ ಜಾರಿ ಬಂತು. ಮಾವನ ಹೆಂಡತಿ ಅತ್ತೆ ಉಳಿದ ತಂತಿಗಳನ್ನು ಸರಿಸಿ, ಬಳೆಯವರೆಗೆ ಕೈ ತೂರಿಸಿ, ಆಚೆ ಕೂತಿದ್ದ ಅಪ್ಪನ ತಟ್ಟೆಯಿಂದ ಚಕ್ಕುಲಿ ಎತ್ತಿಕೊಂಡರು.

“ನಾನೇ ಕಳ್ಳಿ ಆಗಿದ್ರೆ ನಿಮ್ಮ ಸ್ಟೋರು ಖಾಲಿ ಅಣ್ಣ.”

ಮಾವ ವಾರವಿಡೀ ಮುಖ ಊದಿಸಿಕೊಂಡೇ ವೆಲ್ಡ್ ಜಾಲರಿಯ ಪಂಜರ ಕಟ್ಟಿದರು. ಬೀಗವನ್ನೂ ತಾವೇ ತಂದರು, ಕೀ ಇಲ್ಲದೆಯೂ ಒತ್ತಿದರೆ ಹಾಕಿಕೊಳ್ಳುವಂಥದ್ದು. “ಎರಡೇ ಕೀ, ಜೋಪಾನ” ಎಂದು ಅಪ್ಪನ ಕೈಗೆ ಕೊಟ್ಟರು. ಅಪ್ಪ ಜೋಪಾನಕ್ಕೆಂದು ಎರಡನ್ನೂ ಒಂದೇ ರಿಂಗಿಗೆ ಹಾಕಿದರು.

ಮಾಲೀಕರು ಲೆಕ್ಕ ನೋಡಲು ಬರುವ ಬೆಳಿಗ್ಗೆ ನಾನು ಅಪ್ಪನ ತಿಂಡಿ ತೆಗೆದುಕೊಂಡು ಹೋಗಿದ್ದೆ. ಅಪ್ಪ ಪಂಜರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಎರಡೂ ಕೀ ಇದ್ದ ರಿಂಗು ಒಳಗಿನ ಮೊಳೆಯಲ್ಲಿ ನೇತಾಡುತ್ತಿತ್ತು, ಹೊರಗೆ ಬೀಗ ಹಾಕಿಕೊಂಡಿತ್ತು. ಒಡೆದರೆ ಕಳ್ಳತನದ ಗುಮಾನಿ ಅಪ್ಪನ ತಲೆಗೇ ಬರುತ್ತದೆ. ಜಾಲರಿಯಲ್ಲಿ ಬೆರಳು ಮಾತ್ರ ಹೋಗುತ್ತಿತ್ತು.

ಫೋನು ಮಾಡಿದ್ದಕ್ಕೆ ಮಾವ ಸ್ಕೂಟರಿನಲ್ಲಿ ಬಂದರು, ಮುಖದ ತುಂಬ ಸಂತೋಷ.

“ಹೆಣೆದದ್ದಾಗಿದ್ರೆ ಕೈ ಹಾಕಿ ತೆಗೀಬಹುದಿತ್ತು ಭಾವ.”

“ಕಳ್ಳನೂ ತೆಗೀತಿದ್ದ! ಮಾಲೀಕರು ಬರ್ತಾರೆ, ಏನಾದ್ರೂ ಮಾಡೋ!”

“ಎಲ್ಲ ಆಚೆ ನಡೀರಿ.”

ಒಳಗಿನಿಂದ ಟಣ್ ಟಣ್ ಸದ್ದು. ಐದು ನಿಮಿಷಕ್ಕೆ ಬಾಗಿಲು ತೆರೆದಿತ್ತು. ಬೀಗಕ್ಕೆ ಗೀರಿಲ್ಲ, ತಂತಿಗೆ ಸೊಟ್ಟಿಲ್ಲ. ಮಾಲೀಕರು ಬಂದರು, ಎಣಿಸಿದರು, ಟೀ ಕುಡಿದು ಹೋದರು.

“ಎಲ್ಲಿಂದ ತೆಗೆದ್ಯೋ?”

“ಫ್ರೇಮಿಗೆ ನಾಕು ಕಡೆ ಬೆಸುಗೆ ಸುಮ್ನೆ ಮುಟ್ಸಿದೀನಿ, ತಟ್ಟಿದ್ರೆ ಬಿಟ್ಕೊಳತ್ತೆ. ಎಲ್ಲಿ ಅಂತ ಹೇಳಲ್ಲ. ಹೇಳಿದ್ರೆ ನಿಮಗೆ ನಿದ್ದೆ ಬರಲ್ಲ.”

ಹೇಳದಿದ್ದುದಕ್ಕೇ ಅಪ್ಪನಿಗೆ ನಿದ್ದೆ ಬರಲಿಲ್ಲ. ಅವರೂ ಒಂದು ಸ್ಪ್ಯಾನರ್ ಕೊಂಡು ದಿನಾ ಸಂಜೆ ಒಂದೊಂದೇ ಬೆಸುಗೆ ತಟ್ಟತೊಡಗಿದರು. ಎಲ್ಲವೂ ಹಾಡುತ್ತಿದ್ದವು. ಕೆಲವು ವರ್ಷಗಳ ಬಳಿಕ ಮಾವ ಹೃದಯಾಘಾತದಿಂದ ತೀರಿಕೊಂಡರು. ಮಣ್ಣು ಮಾಡಿ ಬಂದ ಮರುದಿನವೂ ಅಪ್ಪ ಸ್ಟೋರಿಗೆ ಹೋಗಿ ಪಂಜರ ತಟ್ಟಿದರಂತೆ. ಒಂದೂ ಕೆಮ್ಮಲಿಲ್ಲವಂತೆ.

ಹೋದ ತಿಂಗಳು ಭದ್ರಾವತಿಗೆ ಹೋದಾಗ ಅತ್ತೆಯನ್ನು ಒಂದು ಮಾತು ಕೇಳಿದೆ. ಅವರು ಮಾವನ ಅದೇ ಸ್ಪ್ಯಾನರಿನಿಂದ ತೆಂಗಿನಕಾಯೊಂದನ್ನು ತಟ್ಟಿ, ಕಿವಿಗೊಟ್ಟು, ನನ್ನ ಚೀಲಕ್ಕೆ ಹಾಕಿದರು. ನಾನು ಕೇಳಿದ್ದಿಷ್ಟೇ:

“ಅತ್ತೆ, ಆ ಬೀಗದ ಜೊತೆ ಅಂಗಡಿಯವರು ಕೊಟ್ಟಿದ್ದು ಎರಡು ಕೀನಾ, ಮೂರಾ?”