ಹಳದಿ-ಕುಂಕುವಿನಲ್ಲಿ ನಾನು ನಕ್ಕಿದ್ದು

ಮೈಸೂರಿನಿಂದ ಮುಂಬಯಿಯ ಚೆಂಬೂರಿಗೆ ಬಂದು ಮೂರು ವರ್ಷವಾದರೂ ಮರಾಠಿ ನನ್ನ ತಲೆಗೆ ಹತ್ತಲಿಲ್ಲ. ಹಿಂದಿಯಲ್ಲಿ ಹೇಗೋ ಸಂಸಾರ ಸಾಗುತ್ತಿತ್ತು. ಒಂಬತ್ತನೇ ಕ್ಲಾಸಿನ ಮಗಳಿಗೆ ಮಾತ್ರ ಶಾಲೆಯ ಕಡ್ಡಾಯ ಮರಾಠಿ ಕುತ್ತಿಗೆಗೆ ಬಂತು. ಒಮ್ಮೆ ಪಾಠ ಓದುವಾಗ ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ. ಅಲ್ಲಿಂದ ಮುಂದೆ ಬಾಯಿ ಬಿಡಲಿಲ್ಲ. ಓರಲ್ ಪರೀಕ್ಷೆಯಲ್ಲಿ ಕಂಬದ ಹಾಗೆ ನಿಂತು ಸೊನ್ನೆ ತಂದಳು. ವಾರ್ಷಿಕ ಪರೀಕ್ಷೆಯಲ್ಲೂ ಹೀಗೇ ಆದರೆ ಫೇಲು ಮಾಡುತ್ತೇವೆ ಎಂದು ಟೀಚರ್ ನನ್ನನ್ನು ಕರೆಸಿ ಹೇಳಿದರು.

"ನಾಚಿಕೊಂಡ್ರೆ ಭಾಷೆ ಬರತ್ತೇನೆ? ನಗೋರು ನಗ್ಲಿ, ನೀನು ಮಾತಾಡು" ಎಂದು ಉಪದೇಶ ಮಾಡಿದೆ.

"ಮತ್ತೆ ನೀನ್ಯಾಕೆ ಹಳದಿ-ಕುಂಕುಗೆ ಹೋಗಲ್ಲ? ಎವ್ರಿ ಇಯರ್ ತಲೆನೋವು ಅಂತೀಯ."

ಪೇಪರಿನ ಹಿಂದಿನಿಂದ ಯಜಮಾನರು, "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ" ಎಂದರು. ನನಗೆ ರೇಗಿತು. ಆದರೆ ಮಾತು ನಿಜ.

ಸಂಕ್ರಾಂತಿ ಕಳೆದ ಮೇಲೆ ಬಿಲ್ಡಿಂಗಿನ ಹೆಂಗಸರೆಲ್ಲ ಹಳದಿ-ಕುಂಕುಗೆಂದು ಎದುರುಮನೆಯಲ್ಲಿ ಸೇರುತ್ತಿದ್ದರು. ಅರಿಸಿನ ಕುಂಕುಮ ಆದ ಮೇಲೆ ಒಬ್ಬೊಬ್ಬರೂ ಎದ್ದು, ಗಂಡನ ಹೆಸರು ಸೇರಿಸಿ ಮರಾಠಿಯಲ್ಲಿ ಎರಡು ಸಾಲಿನ ಪ್ರಾಸದ ಪದ್ಯ ಹೇಳಬೇಕು. ಅದಕ್ಕೆ ಉಖಾಣೆ ಎನ್ನುತ್ತಾರೆ. ನನ್ನ ತಲೆನೋವಿನ ಮೂಲ ಅದೇ.

"ಈ ಸಲ ನಾನು ಹೇಳ್ತೀನಿ. ಆಮೇಲೆ ಓರಲ್‌ನಲ್ಲಿ ನೀನು ಬಾಯಿ ಬಿಡಬೇಕು" ಎಂದೆ.

ಒಪ್ಪಿದಳು. ಎಳ್ಳು ಬೆಲ್ಲ ಸೇರಿದ ಹಾಗೆ ಇವರ ಜೊತೆ ಬಾಳು ಸಿಹಿಯಾಯಿತು ಎನ್ನುವ ಪದ್ಯವನ್ನು ತಾನೇ ಹೊಸೆದಳು. ಅಡುಗೆಮನೆಯಲ್ಲಿ ನಾನು ಈರುಳ್ಳಿ ಹೆಚ್ಚುವಾಗ ಉಚ್ಚಾರ ತಿದ್ದುತ್ತಾ, ತಾನೂ ಹೇಳಿಹೇಳಿ ನಾಲಗೆ ಪಳಗಿಸಿಕೊಂಡಳು. ಯಜಮಾನರ ಹೆಸರು ಬರುವಲ್ಲಿ ಮಾತ್ರ ನಾನು "ಹ್ಞೂಂ ಹ್ಞೂಂ" ಎಂದು ದಾಟಿಸುತ್ತಿದ್ದೆ. ನಮ್ಮ ಕಡೆ ಗಂಡನ ಹೆಸರು ಹಿಡಿದು ಯಾರು ಕರೆದಾರು? ಆ ಹೊತ್ತಿಗೆ ಬಂದೀತು ಎಂದುಕೊಂಡಿದ್ದೆ.

ಬರಲಿಲ್ಲ. ತುಂಬಿದ ಸಭೆಯಲ್ಲಿ ಮೊದಲ ಸಾಲು ಹೇಳಿ, ಹೆಸರಿನ ಜಾಗಕ್ಕೆ ಬಂದಾಗ ಬಾಯಿಂದ ಹೊರಟಿದ್ದು "ನಮ್ಮನೆಯವರು". ಮುಂದಿನ ಸಾಲು ಮರೆತೇಹೋಯಿತು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನೆಲ ಬಿರಿದು ಒಳಗೆ ಎಳೆದುಕೊಳ್ಳಬಾರದೇ ಅನ್ನಿಸಿತು.

ಬಾಗಿಲ ಬಳಿ ಕೂತಿದ್ದ ಮಗಳು ತಟ್ಟನೆ ಎದ್ದಳು. ಮರಾಠಿಯಲ್ಲಿ ಏನೋ ಹೇಳಿದಳು, ಒಂದಲ್ಲ, ನಾಲ್ಕೈದು ವಾಕ್ಯ. ನನಗೊಂದೂ ತಿಳಿಯಲಿಲ್ಲ. ನನ್ನ ಅವಮಾನ ಮುಚ್ಚಲು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ನಾನೂ ಜೋರಾಗಿ ನಕ್ಕೆ. ಸ್ವಲ್ಪ ಹೊತ್ತಿಗೆ ನೋಡಿದರೆ ಇಡೀ ಕೋಣೆಯಲ್ಲಿ ನಗುತ್ತಿದ್ದವಳು ನಾನೊಬ್ಬಳೇ. ಮಗಳು ಮುಖ ತಗ್ಗಿಸಿ ಹೊರಟುಹೋದಳು.

ಮಾರನೆಯ ದಿನ ಎದುರುಮನೆಯಾಕೆ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಅಮ್ಮನನ್ನು ನೋಡಿ ನಗಬೇಡಿ, ಅವಳಿಗೂ ಬರುವುದಿಲ್ಲ, ನನಗೂ ಬರುವುದಿಲ್ಲ, ನನಗೆ ಧೈರ್ಯ ಬರಲಿ ಅಂತ ಅವಳು ಎದ್ದು ನಿಂತಳು ಎಂದಿದ್ದಳಂತೆ. ಕೇಳಿ ಮೈಯೆಲ್ಲ ಹಿಡಿಯಷ್ಟಾಯಿತು. ಕ್ಲಾಸು ನಕ್ಕಿದ್ದಕ್ಕೆ ಬಾಯಿ ಮುಚ್ಚಿದ್ದ ಮಗು ನನಗಾಗಿ ಬಾಯಿ ತೆರೆದಾಗ ನಕ್ಕವಳು ನಾನು. ಇನ್ನು ಓರಲ್‌ನಲ್ಲಿ ಮಾತಾಡು ಎಂದು ಹೇಳುವ ಮುಖ ನನಗೆಲ್ಲಿತ್ತು?

ನಾನು ಹೇಳಲಿಲ್ಲ. ವಾರ್ಷಿಕ ಪರೀಕ್ಷೆಯ ಓರಲ್‌ನಲ್ಲಿ ಅವಳೇ ಮಾತಾಡಿ ಬಂದಳು. ಚಪ್ಪಲಿ ಬಿಡುತ್ತಾ, "ಪಾಸ್ ಆದೆ. ಇಷ್ಟು ಯಾರು ಕಲಿಸಿದ್ರು ಅಂತ ಟೀಚರ್ ಕೇಳಿದ್ರು" ಎಂದಳು.

"ಏನಂದೆ?"

"ಮಾಝೀ ಆಯೀ, ಅಂದೆ."

ನನ್ನಮ್ಮ ಅಂತ. ಅಷ್ಟು ಮರಾಠಿ ನನಗೂ ಅರ್ಥವಾಯಿತು. ತಲೆ ಎತ್ತಿ ಅವಳ ಮುಖ ನೋಡಲಾಗಲಿಲ್ಲ.