ಬೆಳ್ಳಿ ಬಟ್ಟಲಿನಲ್ಲಿ ಒಂದು ಹೆಬ್ಬೆರಳು

ಊಟದ ಮೇಜಿನ ಮೇಲೆ ಒಂದು ಮಸ್ಲಿನ್ ಬಟ್ಟೆ ಬಿದ್ದಿದೆ. ಮೂಗಿಗೆ ಹಿಡಿದರೆ ಸೂರತ್ತಿನ ಜರಿ ಕಾರ್ಖಾನೆಯ ಹುಳಿ ವಾಸನೆ. ನಮ್ಮ ಹಳೇ ಕಾರಿನ ಎರಡು ದೀಪದ ಬಟ್ಟಲುಗಳು, ಬಲ್ಬಿನ ಹಿಂದೆ ಕೂತು ಬೆಳಕು ಎಸೆಯುವ ಬೆಳ್ಳಿ ಬಟ್ಟಲುಗಳು, ಇದರಲ್ಲೇ ಸುತ್ತಿಕೊಂಡು ಮನೆಗೆ ಬಂದವು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಮುದುಕಿ ಕಾರಿನ ವಿಷಯ ಬರೆಯಲು ಕೂತಿದ್ದೇನೆ, ನಗಬೇಡಿ. ಇವತ್ತು ನನ್ನ ಸಂತೋಷ ಒಲೆಯ ಮೇಲಿನ ಹಾಲು, ಮುಚ್ಚಳ ನಿಲ್ಲುತ್ತಿಲ್ಲ.

ಎಲ್ಲ ನನ್ನ ಮೊಮ್ಮಗಳು ಅನಘಾಳಿಂದ. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಈ ಫ್ಲ್ಯಾಟಿನಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡದಲ್ಲಿ ಅರ್ಧ ಗುಜರಾತಿ, ಉಳಿದರ್ಧದಲ್ಲಿ ನನಗೆ ಏಕವಚನ. ಆದರೆ ಸ್ಕ್ರೂಡ್ರೈವರ್ ಹಿಡಿದ ಕೈ ನೋಡಬೇಕು ನೀವು, ಅದು ಥೇಟ್ ಅಜ್ಜನ ಕೈ.

ಅಜ್ಜ ಅಂದರೆ ನಮ್ಮ ಯಜಮಾನರು. ವಡೋದರಾದಲ್ಲಿ ಹೋಟೆಲು ಇಟ್ಟಿದ್ದರು. ದೋಸೆ ಕಾವಲಿಗೆ ತಾಗಿ ತಾಗಿ ಅವರ ಬಲ ಹೆಬ್ಬೆರಳ ಗೆರೆಗಳ ನಡುವೆ ಒಂದು ಬೋಳು ಗೀಟು ಬಿದ್ದಿತ್ತು. ಹೋಟೆಲು ಕೈಹಿಡಿದ ಮೇಲೆ ಈ ಕಾರು ತಂದರು. ಆಗಲೇ ಅದು ಮುದಿ. ಆಯುಧಪೂಜೆಯ ದಿನ ನಾನು ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರೆ, ಇವರು ದೀಪದ ಗಾಜು ಬಿಚ್ಚುತ್ತಾ ಕೂತಿದ್ದಾರೆ!

"ಇದೆಂಥದ್ದು?" ಅಂದೆ.

"ಕುಂಕುಮ ಹೊರಗೆ ಇಟ್ರೆ ಒಂದು ತೊಳೆತಕ್ಕೆ ಹೋಯ್ತು. ಒಳಗೇ ಇಡ್ತೇನೆ ಮಾರಾಯ್ತಿ, ವರ್ಷವಿಡೀ ಇರ್ತದೆ. ದೇವರಿಗೂ ಲೈಟು ಬೇಕಲ್ಲ!"

ಗಾಜಿನ ಹಿಂದಿನ ಬಟ್ಟಲು ಕನ್ನಡಿಗಿಂತ ನುಣುಪಾದ ಬೆಳ್ಳಿ, ಬರಿಗೈ ತಾಗಿಸಬಾರದಂತೆ. ನಮಗೇನು ಗೊತ್ತು! ಹೆಬ್ಬೆರಳು ಕುಂಕುಮದಲ್ಲಿ ಅದ್ದಿ ಬಲಗಡೆಯ ಬಟ್ಟಲಿಗೆ ಒತ್ತಿಯೇ ಬಿಟ್ಟರು.

ಆಮೇಲೆ ಕತ್ತಲಾದ ಹೊತ್ತಿಗೆ ಹೆದ್ದಾರಿಯಲ್ಲಿ ಹೋದರೆ ಬೆಳಕಿನ ನಡುವೆ ಒಂದು ಮಬ್ಬು ಕಲೆ ನಮ್ಮ ಮುಂದೆ ಮುಂದೆ ಓಡುತ್ತಿತ್ತು. ಯಾರೋ ತಲೆ ತಗ್ಗಿಸಿ ಹೋಗುವ ಹಾಗೆ. "ದಾರಿ ತೋರಿಸ್ತಾ ಇದ್ದಾರೆ" ಎಂದರು ಇವರು. "ಯಾರು?" ಅಂದೆ. ಇವರು ಹಾರ್ನು ಹೊಡೆದರು.

ಇವರು ಹೋದರು. ಕಾರು ನನ್ನ ಜೊತೆ ಇಲ್ಲಿಗೆ, ಮಗನ ಮನೆಗೆ ಬಂದು, ಸೊಸೈಟಿಯ ಮೂಲೆಯಲ್ಲಿ ಮುಸುಕು ಹೊದ್ದು ನಿಂತಿತು. ಈ ಸಲ ಪಾಸಿಂಗಿಗೆ, ಅಂದರೆ ಸರ್ಕಾರಿ ತಪಾಸಣೆಗೆ, ಒಯ್ದರೆ ಬೆಳಕು ಸಾಲದು ಅಂತ ಬಲಗಡೆಯ ದೀಪ ಫೇಲು. "ಇನ್ನೊಂದು ಸಲ ಫೇಲಾದರೆ ಗುಜರಿಗೆ, ಅಮ್ಮ" ಎಂದ ಮಗ. ಅನಘಾ ನಡುವೆ ಹಾರಿದಳು: "ಪಪ್ಪಾ, ವೇಯ್ಟ್ ಕರೋ ನೆ! ನಾನು ಸರಿ ಮಾಡ್ತೀನಿ."

ಎರಡೂ ಬಟ್ಟಲು ಕಳಚಿ ತಂದು ಇದೇ ಮೇಜಿನ ಮೇಲೆ ಇಟ್ಟಳು. ಬಲಗಡೆಯದನ್ನು ಬಗ್ಗಿ ನೋಡಿದೆ. ನಾನು ತಲೆಕೆಳಗಾಗಿ ಬಾವಲಿಯ ಹಾಗೆ ತೂಗುತ್ತಿದ್ದೇನೆ! ಅದೂ ಬಟ್ಟಲಿನೊಳಗಲ್ಲ, ಅದರ ಬಾಯಿಂದ ಈಚೆಗೆ, ಬರೀ ಗಾಳಿಯಲ್ಲಿ. ಬೆರಳು ಚಾಚಿದೆ. ಆ ಕಡೆಯಿಂದಲೂ ಒಂದು ಬೆರಳು ಬಂತು. ತುದಿಗೆ ತುದಿ ಸೇರಿತು, ತಾಗಿದ್ದು ಮಾತ್ರ ಏನೂ ಇಲ್ಲ.

ಕುಂಕುಮ ಯಾವಾಗಲೋ ಉದುರಿತ್ತು. ಅದು ತಿಂದ ಬೆಳ್ಳಿಯಲ್ಲಿ ಕಪ್ಪಗೆ, ಗೆರೆಗೆರೆಯಾಗಿ, ಆ ಬೋಳು ಗೀಟಿನ ಸಮೇತ ಇವರ ಹೆಬ್ಬೆರಳು ಹಾಗೇ ಇತ್ತು. ಮುಖ ಅತ್ತಿತ್ತ ಮಾಡಿದಾಗ ಆ ಕಪ್ಪು ಸರಿಯಾಗಿ ನನ್ನ ಹಣೆಗೇ ಬಂದು ಕೂತಿತು. ಇವರು ಹೋದ ಮೇಲೆ ನಾನು ಖಾಲಿ ಬಿಟ್ಟ ಜಾಗ.

"ಅಜ್ಜಿ, ಯಾಕೆ ಅಳ್ತೀಯಾ?"

"ಅಳ್ತಾ ಇಲ್ಲ. ನಿನ್ನ ಎಣ್ಣೆ ವಾಸನೆ."

ಈ ಕಾರಿಗೆ ಬೇರೆ ಬಟ್ಟಲು ಎಲ್ಲೂ ಸಿಗುವುದಿಲ್ಲ. ಸೂರತ್ತಿನಲ್ಲಿ ಜರಿ ತಂತಿಗೆ ಬೆಳ್ಳಿ ಹತ್ತಿಸುವವರು ಮಾಡಿಕೊಡಲು ಒಪ್ಪಿದರು. ಆದರೆ ಹಳೇ ಬೆಳ್ಳಿ ಪೂರ್ತಿ ಕಿತ್ತೇ ಹೊಸದು ಹತ್ತಿಸಬೇಕು. ಬಟ್ಟಲು ಅಲ್ಲಿಗೆ ತಲುಪಿದ ಮೇಲೆ ಫೋನು ಬಂತು. ಅನಘಾ ಗುರುತಿನ ಕಥೆ ಹೇಳಿಟ್ಟಿದ್ದಳು ಅಂತ ಕಾಣುತ್ತದೆ. ಆ ಕಡೆಯ ಹೆಂಗಸು ನನ್ನನ್ನೇ ಕೇಳಿದಳು: "ಬಾ, ನಿಶಾನ್ ಜೋಇಯೆ ಕೆ ಅಜವಾಳುಂ?" ಅಮ್ಮಾ, ಗುರುತು ಬೇಕೋ, ಬೆಳಕು ಬೇಕೋ?

ಅನಘಾ ನನ್ನ ಕೈ ಹಿಡಿದಳು. "ನೀನು ಬೇಡ ಅಂದ್ರೆ ಬೇಡ ಅಜ್ಜಿ. ಕಾರ್ ಹೋದ್ರೆ ಹೋಗ್ಲಿ."

ಬಟ್ಟಲನ್ನು ದೇವರ ಪಕ್ಕ ಇಟ್ಟುಕೊಳ್ಳಬಹುದಿತ್ತು. ದಿನಾ ಹಣೆ ನೋಡಿಕೊಳ್ಳಬಹುದಿತ್ತು. ಆದರೆ ಹುಡುಗಿಯ ಉಗುರು ತುಂಬ ಕರಿ ಗ್ರೀಸು. ಅದನ್ನು ನೋಡುತ್ತಲೇ ಹೇಳಿದೆ: "ಅಜವಾಳುಂ."

ಇವತ್ತು ಮಧ್ಯಾಹ್ನ ಕಾರು ಪಾಸಾಯಿತು! ಅವಳು ಫೋನಿನಲ್ಲಿ ಕಿರುಚಿದ್ದು ಮಹಡಿಯವರೆಲ್ಲ ಕೇಳಿದ್ದಾರೆ. ಸಂಜೆ ಕಾಂಪೌಂಡು ಗೋಡೆಗೆ ಮುಖ ಮಾಡಿ ನಿಲ್ಲಿಸಿ ದೀಪ ಹಾಕಿದಳು. ಹಾಲು ಚೆಲ್ಲಿದ ಹಾಗೆ ಬೆಳಕು. ಕಲೆ ಹುಡುಕಿದೆ. ಇಲ್ಲ, ಎಲ್ಲೂ ಇಲ್ಲ. ತಡೆಯಲಾರದೆ ಕಾರಿನ ಮುಂದಕ್ಕೆ ನಡೆದೆ.

ಗೋಡೆಯ ಮೇಲೆ ಒಬ್ಬಳಲ್ಲ, ಇಬ್ಬರು. ಸೆರಗು ಸರಿಮಾಡಿಕೊಂಡೆ. ಒಂದು ನೆರಳು ನನ್ನ ಜೊತೆಗೇ ಮಾಡಿತು. ಇನ್ನೊಂದು ಒಂದು ಗಳಿಗೆ ತಡೆದು ಕೈ ಎತ್ತಿದ ಹಾಗೆ ಕಂಡಿತು.

"ಎರಡು ಲ್ಯಾಂಪ್ ಅಲ್ವಾ ಅಜ್ಜಿ, ಅದಕ್ಕೇ ಎರಡು ಶ್ಯಾಡೋ!" ಅನಘಾ ಒಳಗಿನಿಂದ ಕೂಗಿದಳು.

"ಗೊತ್ತು ಮಗಾ. ಶಾಲೆ ಬಿಟ್ಟಿದ್ದು ಹೌದು, ನೋಡುವುದು ಬಿಟ್ಟಿಲ್ಲ. ನೀನು ಸ್ವಲ್ಪ ಹೊತ್ತು ಆರಿಸಬೇಡ."