ಅಕ್ಕನ ಮಗಳು ಹೊಂದಿದ್ದಳು

ಬೆಳಗ್ಗೆ ಹಾಲು ಕಾಯಿಸುವ ಮೊದಲು ನಾನು ಮಗಳ ಮಾತ್ರೆ ಕದಡುತ್ತೇನೆ. ಗಾಜಿನ ಲೋಟಕ್ಕೆ ನೀರು ಹಾಕಿ, ಮಾತ್ರೆ ಬಿಟ್ಟು, ಪ್ಲಾಸ್ಟಿಕ್ ಚಮಚದಲ್ಲಿ ತಿರುವಬೇಕು. ಸಕ್ಕರೆಯ ಹಾಗೆ ಕರಗುವುದಿಲ್ಲ ಅದು, ಸುಣ್ಣದ ನೀರಿನಂತೆ ಬೆಳ್ಳಗೆ ನಿಲ್ಲುತ್ತದೆ. ಕುಡಿದಾದ ಮೇಲೆ ತಳದಲ್ಲಿ ಉಳಿದ ಪುಡಿಗೆ ಇನ್ನೊಂದಿಷ್ಟು ನೀರು ಹಾಕಿ ಅದನ್ನೂ ಕುಡಿಸಬೇಕು. ಆಮೇಲೆ ಅರ್ಧ ಗಂಟೆ ತಿಂಡಿ ಇಲ್ಲ. ಬೆಂಗಳೂರಿಗೆ ಹೊರಡಬೇಕಿದ್ದ ಆ ಬೆಳಗ್ಗೆಯೂ ಮಗಳು ಮೂಗು ಹಿಡಿದುಕೊಂಡು ಕುಡಿದಳು, ಖಾಲಿ ಲೋಟ ತೋರಿಸಿದಳು, ಜಡೆ ಹಾಕಿಸಿಕೊಳ್ಳಲು ನನ್ನ ಮುಂದೆ ಕುಳಿತಳು.

ಅವಳಿಗೆ ಥಲಸ್ಸೇಮಿಯ. ಮೈ ತನಗೆ ಬೇಕಾದ ರಕ್ತವನ್ನು ಸರಿಯಾಗಿ ಮಾಡಿಕೊಳ್ಳುವುದಿಲ್ಲ. ಮೂರು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಯಾರದೋ ರಕ್ತ ಏರಿಸುತ್ತಾರೆ. ಆ ರಕ್ತದ ಜೊತೆ ಬರುವ ಕಬ್ಬಿಣ ಒಳಗೆ ಲಿವರಿನಲ್ಲಿ ಸೇರಿಕೊಳ್ಳುತ್ತದೆ, ಅದನ್ನು ಹೊರಗೆ ಹಾಕಲು ಈ ಮಾತ್ರೆ. ರಕ್ತ ಏರಿಸುವ ದಿನ ಹತ್ತಿರ ಬಂತೆಂದು ತಿಳಿಯಲು ನಾನು ಕ್ಯಾಲೆಂಡರ್ ನೋಡುವುದಿಲ್ಲ, ಅವಳ ಬಿಳಿಚಿದ ಉಗುರು ನೋಡುತ್ತೇನೆ.

ನಾನು ನನ್ನ ಸೋದರಮಾವನನ್ನೇ ಮದುವೆಯಾದವಳು. ಅಕ್ಕನನ್ನು ಅದೇ ಮನೆಯ ದೊಡ್ಡ ಮಾವನಿಗೆ ಕೊಟ್ಟಿದ್ದರು. ಅಜ್ಜಿಯೇ ನಮ್ಮಿಬ್ಬರಿಗೂ ಅತ್ತೆ. ನಂಟು ಹೊರಗೆ ಹೋಗಲಿಲ್ಲ ಎಂದು ಮದುವೆಗೆ ಬಂದವರೆಲ್ಲ ಸಂತೋಷಪಟ್ಟರು. ಮಗಳ ಕಾಯಿಲೆ ತಿಳಿದ ದಿನ ಡಾಕ್ಟರು ಕಾಗದದ ಮೇಲೆ ನಮ್ಮ ವಂಶ ಬರೆದುಕೊಂಡರು. ಎಲ್ಲಿಂದ ಗೆರೆ ಎಳೆದರೂ ಅಜ್ಜಿಯ ಹತ್ತಿರ ಹೋಗಿ ನಿಲ್ಲುತ್ತಿತ್ತು. ಒಂದೇ ದೋಷದ ಒಂದೊಂದು ಪಾಲು ನನ್ನಲ್ಲೂ ನನ್ನ ಗಂಡನಲ್ಲೂ ಇತ್ತು, ಎರಡೂ ಮಗಳಿಗೆ ಹೋಗಿತ್ತು.

ವಿದೇಶದಲ್ಲಿ ಈ ಕಾಯಿಲೆಗೆ ಮೂಳೆ ಮಜ್ಜೆಯಲ್ಲಿ ರಕ್ತ ಹುಟ್ಟಿಸುವ ರೋಗಿಯದೇ ಸ್ಟೆಮ್ ಸೆಲ್ ತೆಗೆದು, ಅದರೊಳಗಿನ ಜೀನ್ ತಿದ್ದಿ, ವಾಪಸ್ ಹಾಕುತ್ತಾರೆಂದು ನನ್ನ ಗಂಡ ಫೋನಿನಲ್ಲಿ ಓದಿದ್ದರು. ಕೇಳಿದಾಗ ಡಾಕ್ಟರು, “ನಿಜ. ಆದರೆ ಅದು ನಮ್ಮಂಥವರ ಕೈಗೆ ಸಿಗೋವರೆಗೆ ಮಗುವಿನ ಲಿವರ್ ಕಾಯೋದಿಲ್ಲ. ಮನೆಯೊಳಗೇ ಕೊಡೋರನ್ನ ಹುಡುಕಿ. ನಿಮ್ಮದು ಒಳಸಂಬಂಧ, ಹೊಂದೋ ಸ್ಟೆಮ್ ಸೆಲ್ ಸಿಗೋ ಸಾಧ್ಯತೆ ಜಾಸ್ತಿ,” ಎಂದಿದ್ದರು.

ಪರೀಕ್ಷೆ ಮಾಡಿಸಿದವರಲ್ಲಿ ಹೊಂದಿದ್ದು ಅಕ್ಕನ ಮಗಳು. ಕೆನ್ನೆಯೊಳಗೆ ಹತ್ತಿಕಡ್ಡಿ ಆಡಿಸುವಾಗ ಕಚಗುಳಿಯಾಗುತ್ತದೆಂದು ನಕ್ಕಿದ್ದಳು. ಡಿಗ್ರಿ ಮುಗಿಸಿದ ಹುಡುಗಿ, ತಾನೇ ಒಪ್ಪಿದ್ದಳು. ಅಂದು ಅವಳನ್ನು ಕರೆದುಕೊಂಡು ಬೆಂಗಳೂರಿಗೆ ಕೊನೆಯ ತಪಾಸಣೆಗೆ ಹೋಗಬೇಕಿತ್ತು. ಮಗಳ ಎರಡನೇ ಜಡೆಗೆ ರಿಬ್ಬನ್ ಕಟ್ಟುತ್ತಿದ್ದಾಗ ಅಕ್ಕನ ಫೋನ್ ಬಂತು. “ಅವಳು ಬರಲ್ಲ ಕಣೆ. ನೀನೂ ಈ ಕಡೆ ಬರ್ಬೇಡ,” ಎಂದಷ್ಟೇ ಹೇಳಿ ಇಟ್ಟಳು.

ಮಗಳನ್ನು ಗಂಡನ ಹತ್ತಿರ ಬಿಟ್ಟು, ಮದ್ದೂರಿಗೆ ಹೋಗಿ, ಅಲ್ಲಿಂದ ಅಕ್ಕನ ಊರು ಚಿಕ್ಕರಸಿನಕೆರೆಯ ಬಸ್ಸು ಹತ್ತಿದೆ.

ಅಕ್ಕನ ಮನೆಗೆ ಹೊಸ ಪರದೆ ಬಂದಿತ್ತು, ಅಂಗಡಿಯ ಮಡಿಕೆ ಗೆರೆ ಇನ್ನೂ ಹೋಗಿರಲಿಲ್ಲ. ಹುಡುಗಿ ಮುಖಕ್ಕೆ ಕಡಲೆಹಿಟ್ಟು ಹಚ್ಚಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಿ ನಗಲು ಹೋದಳು, ಒಣಗಿದ ಹಿಟ್ಟು ಬಿರಿಯಿತು.

“ಮಳವಳ್ಳಿಯೋರು ನಾಳಿದ್ದು ನೋಡಕ್ಕೆ ಬತ್ತಾವ್ರೆ,” ಎಂದಳು ಅಕ್ಕ. “ಉಡ್ಗ ತಾಲ್ಲೂಕಾಪೀಸಲ್ಲವ್ನೆ. ಮೂಳೆಗೆ ಸೂಜಿ ಆಕಿಸ್ಕಂಡವ್ಳೆ ಅಂದ್ರೆ ಯಾರ್ ಒಪ್ತಾರೆ?”

“ಸೊಂಟದ ಮೂಳೆಯಿಂದ ಸ್ವಲ್ಪ ಮಜ್ಜೆ ತೆಗೀತಾರೆ ಅಕ್ಕ. ಮತ್ತೆ ತುಂಬ್ಕೊಳುತ್ತೆ. ನಿನ್ನೆದುರಿಗೇ ಹೇಳಿದ್ರಲ್ಲ ಡಾಕ್ಟ್ರು.”

“ಡಾಕ್ಟ್ರಿಗೇನು, ಅವ್ರು ಬಂದು ತಾಳಿ ಕಟ್ತಾರಾ?”

“ಮದುವೆ ಆದ್ಮೇಲಾದ್ರೂ ಕಳಿಸು.”

“ಆಗ ಅವ್ರ ಮನೆ ಸೊಸೆ ಕಣೆ ಅವ್ಳು. ಅವ್ರನ್ನ ಕೇಳ್ಕೊ. ಇನ್ನೊಂದು, ಇವ್ಳ ರಕ್ತದಲ್ಲೂ ಅರ್ಧ ಪಾಲು ಐತೆ ಅಂದ್ರಲ್ಲ ನಿಮ್ ಡಾಕ್ಟ್ರು, ಅದ ಎಲ್ಲೂ ಬಾಯ್ಬುಡ್ಬೇಡ.”

“ಹಾಗಿದ್ರೆ ಆ ಹುಡುಗಂಗೂ ರಕ್ತ ಪರೀಕ್ಷೆ ಮಾಡಿಸ್ಬೇಕಲ್ಲ ಅಕ್ಕ. ಅವನಲ್ಲೂ ಇದ್ರೆ?”

“ನೋಡು, ಇದ್ಕೇಯ ನಿನ್ನ ಬರ್ಬೇಡ ಅಂದಿದ್ದು.”

ಹುಡುಗಿ ಮೆಲ್ಲಗೆ, “ಚಿಕ್ಕಮ್ಮ, ನಂಗೇನೂ ಭಯ ಇಲ್ಲ...” ಎಂದಳು. ಅಕ್ಕ ತಿರುಗಿ ನೋಡಿದಳು. ಹುಡುಗಿ ಮುಖ ತೊಳೆಯಲು ಹಿತ್ತಿಲಿಗೆ ಹೋದಳು. ಆಸ್ಪತ್ರೆಯಲ್ಲಿ ಮಜ್ಜೆ ಕೊಡುವವಳನ್ನು ಒಬ್ಬಳನ್ನೇ ಕೂರಿಸಿಕೊಂಡು, ಮನಸ್ಸಿದೆಯೇ ಎಂದು ಡಾಕ್ಟರು ಕೇಳುತ್ತಾರೆ. ಕೈ ಹಿಡಿದು ಎಳೆದುಕೊಂಡು ಹೋಗುವಂತಿಲ್ಲ.

ಮಂಚದ ಮೇಲಿದ್ದ ಅಜ್ಜಿ ಇಷ್ಟನ್ನೂ ಕೇಳಿಸಿಕೊಂಡಿದ್ದರು. “ಬಿಸ್ಲಲ್ಲಿ ಬಂದವ್ಳೆ, ಕಾಪಿ ಕೊಟ್ಟು ಕಳ್ಸೆ,” ಎಂದರು. ದಾರಿ ತಪ್ಪಿ ಬಂದವರಿಗೆ ಹೇಳುವ ಹಾಗೆ.

ನಾನು ಓದಿದ ಕಾನ್ವೆಂಟಿನಲ್ಲಿ ದನಿ ಏರಿಸಬಾರದೆಂದು ಕಲಿಸಿದ್ದರು, ಯಾರಾದರೂ ಏನಾದರೂ ಕೊಟ್ಟರೆ ಥ್ಯಾಂಕ್ಸ್ ಹೇಳಬೇಕೆಂದೂ ಕಲಿಸಿದ್ದರು. ಕಾಫಿ ಕುಡಿದೆ, ಲೋಟ ತೊಳೆದಿಟ್ಟೆ, ನನ್ನ ಅಕ್ಕನಿಗೆ ಥ್ಯಾಂಕ್ಸ್ ಹೇಳಿ ಹೊರಟೆ. ಈಗಲೂ ಆ ಮಾತು ನೆನಪಾದರೆ ಬಾಯಿ ಕಹಿಯಾಗುತ್ತದೆ.

ವಾಪಸ್ ಬರುವ ಬಸ್ಸಿನಲ್ಲಿ ಜೀನ್ ತಿದ್ದುವ ವಿಚಾರವೇ ತಲೆಯಲ್ಲಿತ್ತು. ಮಗುವಿನದೇ ಕೋಶ, ಮಗುವಿಗೇ ವಾಪಸ್. ಯಾರ ಬಾಗಿಲಿಗೂ ಹೋಗಬೇಕಿಲ್ಲ, ಯಾರ ಮದುವೆ ಮುಗಿಯಲೆಂದೂ ಕಾಯಬೇಕಿಲ್ಲ. ವಿಜ್ಞಾನಿಗಳು ಅದನ್ನು ಯಾತಕ್ಕಾಗಿ ಕಂಡುಹಿಡಿದರೋ ನನಗೆ ಗೊತ್ತಿಲ್ಲ. ಅವರಲ್ಲೊಬ್ಬರಿಗಾದರೂ ಒಬ್ಬ ಅಕ್ಕ ಇದ್ದಿರಬೇಕು ಅನ್ನಿಸಿತು.

ಗುತ್ತಲಿನ ಮನೆಗೆ ಬಂದಾಗ ಮಗಳು ಬೆಂಗಳೂರಿಗೆಂದು ಹಾಕಿಕೊಂಡ ಫ್ರಾಕಿನಲ್ಲೇ ಇದ್ದಳು. “ದೊಡ್ಡಮ್ಮನ ಮನೆ ಅಕ್ಕ ಬರ್ಲಿಲ್ವಾ?” ಎಂದಳು. “ಇನ್ನೊಂದಿನ ಬರ್ತಾಳೆ,” ಎಂದೆ. ಗಂಡ ನನ್ನ ಮುಖ ನೋಡಿ, ಆಸ್ಪತ್ರೆಗೆ ಫೋನ್ ಮಾಡಲು ವರಾಂಡಕ್ಕೆ ಹೋದರು.

ಸಂಜೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಪಕ್ಕದ ಮನೆಯಾಕೆ ಕಾಂಪೌಂಡಿನಾಚೆ ಮೊರದಲ್ಲಿ ಅಕ್ಕಿ ಕೇರುತ್ತ ನಿಂತಿದ್ದರು. ನಮ್ಮ ಮನೆಯ ಕಾಯಿಲೆ ಅವರಿಗೆ ಗೊತ್ತು, ಅಕ್ಕನ ಮಗಳು ಮಜ್ಜೆ ಕೊಡಲು ಒಪ್ಪಿದ್ದೂ ಗೊತ್ತು, ಅಂದು ನಡೆದದ್ದು ಗೊತ್ತಿರಲಿಲ್ಲ.

“ಅಕ್ಕನ ಮನೆಗೋಗಿದ್ರಂತೆ?” ಎಂದರು. ಹೂಂ ಅಂದೆ. ಒಂದು ಕಲ್ಲು ಆರಿಸಿ ಎಸೆದರು.

“ನಾವೂವೆ ನಮ್ ಮಗಳ ಮಗಳ್ನ ನಮ್ ಚಿಕ್ ಮಗ್ನಿಗೇ ತಂದ್ಕಳಾದು ಅಂತ ಮಾತಾಡ್ಕೊಂಡಿದೀವಿ ಕಣಮ್ಮ, ನಿಮ್ಮನೆ ನೋಡೇಯ. ಒರಗ್ನೋರು ಕಷ್ಟಕ್ಕೆ ಆಯ್ತಾರಾ, ಬುಡಿ.”